ಹಳೆಯ ವಾಹನ, ಹೊಸ ಹಾದಿ

ಬಳ್ಳಾರಿಯ ಗೃಹಸ್ಥರೊಬ್ಬರಲ್ಲಿ ಹಳೆಯ ಬೊಲೆರೊ ವಾಹನವೊಂದುಂಟು. ವೃದ್ಧೆ ತಾಯಿಯನ್ನು ಆಸ್ಪತ್ರೆಗೆ ಒಯ್ಯುವುದೂ ಅದೇ. ಅದನ್ನು ಮಾರ್ಪಡಿಸಿ ಕುರುಗೋಡಿನ ಕಲ್ಲುಹಾದಿಗಳನ್ನೂ ಸಿರುಗುಪ್ಪದ ಹೊಲದಾರಿಗಳನ್ನೂ ಸುತ್ತಬೇಕೆಂಬುದು ಮಗನ ಹಂಬಲ. ಎತ್ತರದ ಸ್ಪ್ರಿಂಗು, ಅಗಲವಾದ ಗಾಲಿ, ನೆತ್ತಿಯ ಮೇಲೆ ದೀಪಗಳ ಸಾಲು, ಹೀಗೆ ಅವನ ಪಟ್ಟಿ ಬೆಳೆದಿತ್ತು. ವಾಹನದ ಮೂಲ ರೂಪವನ್ನು ಮನಬಂದಂತೆ ಬದಲಿಸಲು 1988ರ ಮೋಟಾರು ವಾಹನ ಕಾಯಿದೆ ಅವಕಾಶವೀಯದೆಂದು ತಂದೆ ನೆನಪಿಸಿದರು.

ಒಮ್ಮೆ ಮಳೆಯ ಮರುದಿನ ಸಿರುಗುಪ್ಪದ ಎರೆಭೂಮಿಯಲ್ಲಿ ವಾಹನ ಹೂತಿತು. ಸವೆದ ಟೈರಿನ ಗೆರೆಗಳನ್ನು ಅಂಟುಮಣ್ಣು ಮುಚ್ಚಿತು. ಗಾಲಿ ತಿರುಗಿದಷ್ಟೂ ಆಳಕ್ಕಿಳಿಯಿತು. ಕಡೆಗೆ ರೈತನೊಬ್ಬನ ಎತ್ತುಗಳು ಎಳೆದು ದಡ ಸೇರಿಸಿದವು.

ಅಂದು ಪಟ್ಟಿ ಕಿರಿದಾಯಿತು: ಆಳಗೆರೆಯ ಟೈರುಗಳು, ಚಾಸಿಗೆ ಬಿಗಿದ ಎಳೆಗೊಂಡಿ, ಹಗ್ಗ, ಗುದ್ದಲಿ, ಎಂಜಿನ್ನಿನಡಿ ಕಲ್ಲೇಟು ತಡೆಯುವ ಉಕ್ಕಿನ ತಗಡು. ಉಳಿದ ಹಣ ಬ್ರೇಕಿನ ದುರಸ್ತಿಗೆ ಸಂದಿತು. ಎರೆ ಆರುವವರೆಗೆ ಕಾಯುವುದನ್ನು ಆ ರೈತನೇ ಕಲಿಸಿದ. ಅದಕ್ಕೆ ಕಾಸೂ ಬೀಳಲಿಲ್ಲ.