ಒಣಗಿದ ಬಲೆಯ ಬಣ್ಣ

ಚಳಿಗಾಲದ ಬೆಳಿಗ್ಗೆ ಜ್ಞಾನಭಾರತಿಯ ಆವರಣದಲ್ಲಿ ನಡೆದಾಡುವುದು ನನ್ನ ಹಳೆಯ ಅಭ್ಯಾಸ. ವಿಜಯನಗರದಿಂದ ಈಗ ಮೆಟ್ರೋ ಇದೆ. ಮೈಸೂರು ರಸ್ತೆಯ ಗದ್ದಲ ಬಿಟ್ಟು ಒಳಹೊಕ್ಕರೆ ಮರಗಳ ತಂಪು, ಪೊದೆಗಳ ನಡುವೆ ಜೇಡರ ಬಲೆಗಳು. ಜನ ಅವನ್ನು ಕೈಯಿಂದ ಸರಿಸಿ ಮುಂದೆ ಹೋಗುತ್ತಾರೆ. ನಾನು ಮಾತ್ರ ನಿಲ್ಲುತ್ತೇನೆ. ಕಾರಣವಿದೆ.

ಹಲವು ವರ್ಷಗಳ ಹಿಂದೆ ಎಂಟನೆಯ ತರಗತಿಯ ಮಕ್ಕಳನ್ನು ಇಲ್ಲಿಗೆ ಕರೆತಂದಿದ್ದೆ. ಸೂರ್ಯನಿಗೆ ಎದುರಾಗಿ ನಡೆಯುತ್ತಿದ್ದೆವು. ಒಬ್ಬಳು ಹುಡುಗಿ ನಿಂತು, 'ಸಾರ್, ಈ ಬಲೆಗೆ ಬಣ್ಣ ಎಲ್ಲಿಂದ ಬಂತು?' ಎಂದಳು. 'ಇಬ್ಬನಿಯಮ್ಮಾ, ಕಾಮನಬಿಲ್ಲಿನ ಹಾಗೆ' ಎಂದೆ. ಅವಳು ಎಳೆಯನ್ನು ಮುಟ್ಟಿ ನೋಡಿ, 'ಒಣಗಿದೆಯಲ್ಲ ಸಾರ್' ಎಂದಳು. 'ತಡವಾಯಿತು, ಸಾಲಿನಲ್ಲಿ ನಡಿ' ಎಂದು ಗದರಿದೆ.

ಮನೆಗೆ ಬಂದು ಪುಸ್ತಕ ತೆರೆದಾಗ ಅವಳೇ ಸರಿ ಎಂದು ತಿಳಿಯಿತು. ಕಾಮನಬಿಲ್ಲು ಕಾಣಬೇಕಾದರೆ ಸೂರ್ಯ ನಮ್ಮ ಬೆನ್ನ ಹಿಂದಿರಬೇಕು. ನಾವೋ ಅವನಿಗೆ ಎದುರಾಗಿದ್ದೆವು!

ಜೇಡನ ಎಳೆಯ ದಪ್ಪ ಕೆಲವೇ ಮೈಕ್ರಾನ್, ಕೆಲವೊಮ್ಮೆ ಇನ್ನೂ ಕಡಿಮೆ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್. ಕಾಣುವ ಬೆಳಕಿನ ತರಂಗದೂರ ಸುಮಾರು 0.4ರಿಂದ 0.7 ಮೈಕ್ರಾನ್. ಇಷ್ಟು ಸಣ್ಣ ಎಳೆಯ ಒಳಗಿಂದಲೂ ಅಂಚಿನಿಂದಲೂ ಬಾಗಿ ಬರುವ ಅಲೆಗಳು ಬೇರೆ ಬೇರೆ ದೂರ ಸಾಗಿ ನಮ್ಮ ಕಣ್ಣಲ್ಲಿ ಕೂಡುತ್ತವೆ. ಉಬ್ಬಿಗೆ ಉಬ್ಬು ಸೇರಿದರೆ ಬಣ್ಣ ಬೆಳಗುತ್ತದೆ, ಉಬ್ಬಿಗೆ ತಗ್ಗು ಸೇರಿದರೆ ಮಂಕಾಗುತ್ತದೆ. ಒಂದೊಂದು ಬಣ್ಣ ಬೆಳಗುವ ಕೋನ ಒಂದೊಂದು. ಆದ್ದರಿಂದ ತಲೆ ಸ್ವಲ್ಪ ವಾಲಿಸಿದರೆ ಕೆಂಪಿದ್ದದ್ದು ಹಸಿರಾಗುತ್ತದೆ. ಇದೇ ವಿವರ್ತನೆ ಮತ್ತು ವ್ಯತಿಕರಣಗಳ ಆಟ.

ನ್ಯೂಟನ್ 1704ರ 'ಆಪ್ಟಿಕ್ಸ್' ಗ್ರಂಥದಲ್ಲಿ ನವಿಲುಗರಿಯ ಜೊತೆಗೇ ಜೇಡರ ಬಲೆಯ ಬಣ್ಣವನ್ನೂ ಹೆಸರಿಸಿದ್ದಾನೆ. 1933ರಲ್ಲಿ ಬೆಂಗಳೂರಿಗೆ ಬಂದ ಸಿ.ವಿ. ರಾಮನ್ ಆ ದಶಕದಲ್ಲಿ ಹಕ್ಕಿಗರಿಗಳ, ಕಪ್ಪೆಚಿಪ್ಪುಗಳ ಬಣ್ಣದ ಬೆನ್ನುಹತ್ತಿದರು. ನೊಬೆಲ್ ಪಡೆದವರಿಗೂ ಗರಿಯೊಂದು ಸಣ್ಣ ವಿಷಯವಾಗಿರಲಿಲ್ಲ.

ನೀವೂ ನೋಡಬಹುದು. ಬಿಸಿಲೇರುವ ಮುನ್ನ ಮರದ ಕಾಂಡ ಸೂರ್ಯನನ್ನು ಮರೆಮಾಡುವಂತೆ ನಿಲ್ಲಿ. ಬಲೆಯ ಹಿಂದೆ ಕಪ್ಪು ನೆರಳಿರಲಿ. ಸೂರ್ಯನನ್ನು ಮಾತ್ರ ನೇರವಾಗಿ ನೋಡಲೇಬೇಡಿ.

ಮರುದಿನವೇ ತರಗತಿಯಲ್ಲಿ ನನ್ನ ತಪ್ಪು ಒಪ್ಪಿಕೊಳ್ಳಬೇಕಿತ್ತು. ಮರ್ಯಾದೆಗೆ ಅಂಜಿ ಸುಮ್ಮನಿದ್ದೆ. ವರ್ಷಾಂತ್ಯಕ್ಕೆ ಆ ಹುಡುಗಿ ಶಾಲೆ ಬಿಟ್ಟು ಬೇರೆ ಊರಿಗೆ ಹೋದಳು. ಅಂದಿನಿಂದ ಪ್ರತಿ ವರ್ಷ ಬೆಳಕಿನ ಪಾಠವನ್ನು ಈ ಕಥೆಯಿಂದಲೇ ಆರಂಭಿಸುತ್ತೇನೆ. ತಂದೆತಾಯಿಯರೇ, ನಿಮ್ಮ ಮಗು ಬಲೆಯ ಮುಂದೆ ನಿಂತರೆ ಕೈಹಿಡಿದು ಎಳೆಯಬೇಡಿ. ನೀವೂ ಒಂದು ನಿಮಿಷ ನಿಲ್ಲಿ.