ಹದಿನೇಳು ಸಿಸಿ

ನಮ್ಮ ಊರ ಕಡೆ ಗಾಡಿಯ ಮಾತು ಬಂದರೆ ಮೊದಲ ಪ್ರಶ್ನೆ ಮೈಲೇಜ್ ಎಷ್ಟು, ಎರಡನೆಯದು ಪಿಕಪ್ ಹೇಗಿದೆ. ಮಿಶಿಗನ್ನಿಗೆ ಬಂದ ಮೇಲೆ ಪಿಕಪ್ ಎಂದರೆ ಬೆನ್ನಿಗೆ ತೊಟ್ಟಿ ಕಟ್ಟಿಕೊಂಡ ಟ್ರಕ್ಕು ಎಂಬ ಅರ್ಥವೂ ಬಾಯಿಗೆ ಹತ್ತಿತು. ನನ್ನ ಗಾಡಿ 1978ರ ಶೆವ್ರೊಲೆ ಸಿ-10. ಅದು ಪಿಕಪ್ಪೇ ಸರಿ, ಆದರೆ ನಮ್ಮೂರಿನ ಅರ್ಥದ ಪಿಕಪ್ ಅದಕ್ಕಿರಲಿಲ್ಲ. 350 ಘನ ಇಂಚು, ಅಂದರೆ 5.7 ಲೀಟರಿನ ವಿ-8 ಎಂಜಿನ್ನಿಗೆ ಕಾರ್ಖಾನೆಯವರು ಹೇಳಿದ ಶಕ್ತಿ 165 ಅಶ್ವಶಕ್ತಿ. ಅಷ್ಟು ದೊಡ್ಡ ಹೊಟ್ಟೆಗೆ ಆ ಕಸುವು ಏನೇನೂ ಸಾಲದು. ಅದಕ್ಕೊಂದು ಕಾರಣ ಕಂಪ್ರೆಷನ್.

ಪಿಸ್ಟನ್ ಕೆಳಗಿಳಿದಾಗ ನನ್ನ ಒಂದೊಂದು ಸಿಲಿಂಡರೂ 717 ಸಿಸಿ ಗಾಳಿ-ಪೆಟ್ರೋಲ್ ಎಳೆದುಕೊಳ್ಳುತ್ತದೆ. ಮೇಲೇರಿದಾಗ ಅದಷ್ಟನ್ನೂ ಸಿಲಿಂಡರಿನ ಮುಚ್ಚಳದ, ಅಂದರೆ ಹೆಡ್ಡಿನ, ಗುಳಿಗೂ ಅದರ ಕೆಳಗಿನ ಸಂದಿಗೂ ಹಿಂಡುತ್ತದೆ. ಎಷ್ಟು ಚಿಕ್ಕ ಜಾಗಕ್ಕೆ ಹಿಂಡಿ ಕಿಡಿ ಹಚ್ಚುತ್ತೀರೋ, ಉರಿದ ಅನಿಲ ಅಷ್ಟು ಜೋರಾಗಿ ಪಿಸ್ಟನ್ನನ್ನು ಒದೆಯುತ್ತದೆ. ನನ್ನ ಎಂಜಿನ್ನಿನಲ್ಲಿ ಹಾಗೆ ಉಳಿಯುತ್ತಿದ್ದ ಜಾಗ ಸುಮಾರು 95 ಸಿಸಿ, ಅನುಪಾತ ಎಂಟೂವರೆಗೆ ಒಂದು. ಅದನ್ನು ಹತ್ತರ ಆಚೆ ತರಬೇಕಾದರೆ ಕಡಿಮೆಯಾಗಬೇಕಾದದ್ದು ಹದಿನೇಳು ಸಿಸಿ. ಮಗುವಿಗೆ ಹಾಲು ಕುಡಿಸುವ ಒಂದು ಒಳಲೆಯಷ್ಟು. ಕಳೆದ ಚಳಿಗಾಲವಿಡೀ ನಾನು ಆ ಒಂದು ಒಳಲೆಯ ಹಿಂದೆ ಬಿದ್ದಿದ್ದೆ.

ಈ ಎಂಜಿನ್ ಹುಟ್ಟಿನಿಂದ ಹೀಗೆ ಸಪ್ಪೆಯಲ್ಲ. ಇದೇ 350ರ ಎಲ್‌ಟಿ-1 ಎಂಬ ರೂಪ 1970ರ ಕಾರ್ವೆಟ್ ಕಾರಿನಲ್ಲಿ ಹನ್ನೊಂದಕ್ಕೆ ಒಂದರಂತೆ ಹಿಂಡುತ್ತಿತ್ತು. ಆಗಿನ ಅಳತೆಯಲ್ಲಿ 370 ಅಶ್ವಶಕ್ತಿ. ಮರುವರ್ಷವೇ ಜನರಲ್ ಮೋಟಾರ್ಸ್ ಅದನ್ನು ಒಂಬತ್ತಕ್ಕೆ ಇಳಿಸಿತು, ಶಕ್ತಿ 330ಕ್ಕೆ ಬಂತು. ಸೀಸವಿಲ್ಲದ ಪೆಟ್ರೋಲಿಗೆ ಎಂಜಿನ್ನುಗಳನ್ನು ಸಜ್ಜು ಮಾಡಬೇಕಿತ್ತು. ಹೆಚ್ಚು ಹಿಂಡಿದರೆ ಪೆಟ್ರೋಲ್ ತಾನಾಗಿ ಸಿಡಿದು ಎಂಜಿನ್ ನಾಕ್ ಹೊಡೆಯುತ್ತದೆ. ಅದನ್ನು ತಡೆಯಲು ಸೀಸದ ಸಂಯುಕ್ತ ಬೆರೆಸುವ ಉಪಾಯವನ್ನು ಥಾಮಸ್ ಮಿಜ್ಲಿ 1921ರ ಡಿಸೆಂಬರಿನಲ್ಲಿ ಒಹಾಯೋದ ಡೇಟನ್‌ನಲ್ಲಿ ಕಂಡುಹಿಡಿದಿದ್ದ. ಆ ಸೀಸ ಹೊಗೆಯ ಜೊತೆ ಮಕ್ಕಳ ರಕ್ತಕ್ಕಿಳಿಯಿತು. ನಮ್ಮ ಭಾರತದಲ್ಲಿ ಅದು ಪೂರ್ತಿ ಹೋದದ್ದು 2000ದಲ್ಲಿ. ಹಳೆಯ ಗಾಡಿಗಳ ಪ್ರೇಮಿಗಳು ಆ ಸೀಸದ ಕಾಲವನ್ನು ನೆನೆದು ಹಳಹಳಿಸುವುದುಂಟು. ನನಗೆ ಆ ಹಳಹಳಿಯಿಲ್ಲ. ಅಂದು ಸೀಸ ಮಾಡುತ್ತಿದ್ದ ಕೆಲಸವನ್ನು ಇವತ್ತು ಹೆಡ್ಡಿನ ಆಕಾರದಿಂದಲೇ ಒಂದು ಮಟ್ಟಿಗೆ ಮಾಡಿಸಬಹುದು.

ಆ ಹೆಡ್ಡಿನ ಹೆಸರು ವೋರ್ಟೆಕ್. 1996ರಿಂದ ಶೆವ್ರೊಲೆ ಟ್ರಕ್ಕುಗಳಿಗೆ ಬಂದ ಎರಕದ ಕಬ್ಬಿಣದ ಹೆಡ್. ನನ್ನ ಹಳೆಯದರ ಗುಳಿ 76 ಸಿಸಿ, ಇದರದು 64. ಹನ್ನೆರಡು ಸಿಸಿ ಅಲ್ಲೇ ಕಡಿಮೆಯಾಯಿತು. ಗುಜರಿಯಿಂದ ಮೊದಲು ತಂದ ಜೋಡಿ ನೋಡಲು ಲಕ್ಷಣವಾಗಿತ್ತು. ಅಯಸ್ಕಾಂತ ಇಟ್ಟು ಕಬ್ಬಿಣದ ಪುಡಿ ಉದುರಿಸಿದಾಗ ಎರಡು ವಾಲ್ವುಗಳ ನಡುವೆ ಪುಡಿ ಕೂದಲೆಳೆಯಂತೆ ಸಾಲುಗಟ್ಟಿ ನಿಂತಿತು. ಬಿರುಕು. ಈ ಜಾತಿಯ ಹೆಡ್ಡಿಗೆ ಅದು ಮಾಮೂಲಿ ಕಾಯಿಲೆ. ಮತ್ತೊಂದು ಜೋಡಿ ಹುಡುಕಲು ಮೂರು ವಾರ ಹಿಡಿಯಿತು.

ಇನ್ನು ಅಳತೆ. ಈ ಇಡೀ ಕೆಲಸದಲ್ಲಿ ನನಗೆ ಅತಿ ಪ್ರಿಯವಾದದ್ದು ಇದೇ. ಹೆಡ್ಡನ್ನು ಮೇಜಿನ ಮೇಲೆ ಮಗುಚಿ, ವಾಲ್ವು ಮತ್ತು ಸ್ಪಾರ್ಕ್ ಪ್ಲಗ್ ಕೂರಿಸಿ, ಒಂದು ಬದಿಗೆ ತುಸು ಓರೆ ಮಾಡುತ್ತೇನೆ. ಗುಳಿಯ ಅಂಚಿಗೆ ಬೆರಳಿನಿಂದ ಗ್ರೀಸ್ ಸವರಿ ಅದರ ಮೇಲೆ ಗಾಜಿನಂಥ ಅಕ್ರಿಲಿಕ್ ಬಿಲ್ಲೆ ಒತ್ತುತ್ತೇನೆ. ಬಿಲ್ಲೆಯ ಅಂಚಿನ ಬಳಿ ಒಂದು ಸಣ್ಣ ತೂತು. ಆ ತೂತಿನ ಮೇಲೆ ಬ್ಯುರೆಟ್ಟು. ಪಿಯುಸಿ ಕೆಮಿಸ್ಟ್ರಿ ಲ್ಯಾಬಿನಲ್ಲಿ ಟೈಟ್ರೇಷನ್ನಿಗೆ ಹಿಡಿದಿದ್ದ ಅದೇ ಬ್ಯುರೆಟ್ಟು, ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ಕೆಳಬಾಗು ಓದುವ ಅದೇ ಶಿಸ್ತು. ಒಳಗೆ ಕಾರಿನ ಗಾಜು ತೊಳೆಯುವ ನೀಲಿ ನೀರು. ತೊಟ್ಟು ತೊಟ್ಟಾಗಿ ಬಿಟ್ಟರೆ ನೀಲಿ ಬಣ್ಣ ವಾಲ್ವಿನ ಸುತ್ತ ಹರಡಿ, ಪ್ಲಗ್ಗಿನ ಸಂದಿಗೆ ನುಗ್ಗಿ, ಮೆಲ್ಲಗೆ ಬಿಲ್ಲೆಯ ತಳಕ್ಕೆ ಅಂಟುತ್ತದೆ. ಕಡೆಗೆ ಒಂದು ಗುಳ್ಳೆ ಉಳಿಯುತ್ತದೆ. ಹೆಡ್ಡನ್ನು ಬೆರಳಿನಿಂದ ತಟ್ಟಿ ಗುಳ್ಳೆಯನ್ನು ತೂತಿನತ್ತ ನಡೆಸಬೇಕು. ಅದು ಹೊರಬಿದ್ದ ಕ್ಷಣ ಬ್ಯುರೆಟ್ ಓದು: 64.2. ಪಕ್ಕದ್ದು 63.1, ಅದರ ಪಕ್ಕದ್ದು 64.4. ಕಡಿಮೆ ಬಂದ ಗುಳಿಯನ್ನು ಅರೆದು, ತೊಳೆದು, ಮತ್ತೆ ಅಳೆದು, ಎಂಟೂ ಒಂದೇ ಮಟ್ಟಕ್ಕೆ ಬರುವ ಹೊತ್ತಿಗೆ ಎರಡು ಭಾನುವಾರ ಕಳೆದವು. ಹೊರಗೆ ಹಿಮ ಬೀಳುತ್ತಿತ್ತು. ಅದಕ್ಕಿಂತ ಹಿತವಾದ ಭಾನುವಾರಗಳು ನನಗೆ ನೆನಪಿಲ್ಲ.

ಉಳಿದ ಐದು ಸಿಸಿ ಸಿಕ್ಕಿದ್ದು ಬ್ಲಾಕಿಗೂ ಹೆಡ್ಡಿಗೂ ನಡುವೆ ಕೂರುವ ಗ್ಯಾಸ್ಕೆಟ್ಟಿನಲ್ಲಿ. ನಮ್ಮ ಕಡೆ ಲೇತ್ ಕೆಲಸದವರು ಇಂಚಿನ ಸಾವಿರದ ಒಂದು ಭಾಗಕ್ಕೆ ‘ಥೌ’ ಎನ್ನುತ್ತಾರೆ. ಇಲ್ಲಿನ ವರ್ಕ್‌ಶಾಪಿನಲ್ಲಿ ಅದೇ ಪದ ಕಿವಿಗೆ ಬಿದ್ದಾಗ ಊರಿನವರು ಸಿಕ್ಕಷ್ಟು ಖುಷಿಯಾಗಿತ್ತು. ಡಯಲ್ ಗೇಜ್ ಇಟ್ಟು ನೋಡಿದರೆ ನನ್ನ ಪಿಸ್ಟನ್ ತುದಿಗೇರಿದಾಗಲೂ ಬ್ಲಾಕಿನ ಮಟ್ಟಕ್ಕಿಂತ 25 ಥೌ ಕೆಳಗೇ ನಿಲ್ಲುತ್ತದೆ. ಹಿಂದೆ ಇದ್ದ ಗ್ಯಾಸ್ಕೆಟ್ 39 ಥೌ ದಪ್ಪ. ಅದರ ಬದಲು 15 ಥೌನ ತೆಳು ಉಕ್ಕಿನ ಹಾಳೆ ಹಾಕಿದೆ. ಈಗ ಪಿಸ್ಟನ್ನಿಗೂ ಹೆಡ್ಡಿನ ಚಪ್ಪಟೆ ಭಾಗಕ್ಕೂ ನಡುವೆ ಉಳಿದದ್ದು 40 ಥೌ, ಸರಿಸುಮಾರು ಒಂದು ಮಿಲಿಮೀಟರ್. ಅಷ್ಟು ಇಕ್ಕಟ್ಟಾದಾಗ ಅಲ್ಲಿದ್ದ ಮಿಶ್ರಣ ಚಿಮ್ಮಿ ಕಿಡಿಯ ಕಡೆ ನುಗ್ಗುತ್ತದೆ, ಸುಳಿ ಏಳುತ್ತದೆ, ಬೇಗ ಉರಿದು ಮುಗಿಯುತ್ತದೆ. ನಾಕ್ ಆಗಲು ಪುರಸೊತ್ತೇ ಸಿಗುವುದಿಲ್ಲ. ಹೆಚ್ಚು ಹಿಂಡಿದಷ್ಟೂ ನಾಕ್ ಹೆಚ್ಚು ಎಂಬ ಭಯಕ್ಕೆ ಮದ್ದು ಆ ಹಿಂಡುವ ಜಾಗದಲ್ಲೇ ಇದೆ. ಇದನ್ನು ಮೊದಲ ಸಲ ಕಾಗದದ ಮೇಲೆ ಗೀಚಿ ಅರ್ಥ ಮಾಡಿಕೊಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮ್ಯಾನಿಫೋಲ್ಡ್ ಬದಲಾಯಿತು, ಕ್ಯಾಮ್ ಬದಲಾಯಿತು, ಅವೆಲ್ಲ ಪೇಟೆಯಲ್ಲಿ ಕೊಂಡು ತರುವ ಸಾಮಾನು. ಒಂದೊಂದು ಹೆಡ್ಡಿಗೆ ಹದಿನೇಳು ಬೋಲ್ಟು, ಮೂರು ಸುತ್ತಿನಲ್ಲಿ 65 ಪೌಂಡ್-ಅಡಿಯವರೆಗೆ ಬಿಗಿತ.

ಏಪ್ರಿಲ್‌ನಲ್ಲಿ ಚಾಲೂ ಮಾಡಿದೆ. ಸ್ಟಾರ್ಟರಿಗೆ ಮೊದಲಿಗಿಂತ ಭಾರ. ಒಂದು ಕ್ಷಣ ತಡೆದು, ಆಮೇಲೆ ಗಕ್ಕನೆ ಹಿಡಿಯಿತು. ಕಂಪ್ರೆಷನ್ ಗೇಜ್ ಮೊದಲು 150 ತೋರಿಸುತ್ತಿತ್ತು, ಈಗ 185. ಮೊದಲ ಏರಿನಲ್ಲಿ ಕಾಲು ಒತ್ತಿದಾಗ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ ಸದ್ದು. ನಾಕ್! ಎದೆ ಧಸಕ್ಕೆಂದಿತು. ಹಳೆಯ ಹೆಡ್ಡಿಗೆ ಇಟ್ಟಿದ್ದ 36 ಡಿಗ್ರಿ ಟೈಮಿಂಗ್ ಹಾಗೇ ಉಳಿದಿತ್ತು. ಬೇಗ ಉರಿಯುವ ಗುಳಿಗೆ ಅಷ್ಟು ಮುಂಚಿತವಾಗಿ ಕಿಡಿ ಬೇಕಿಲ್ಲ. 32ಕ್ಕೆ ಇಳಿಸಿದೆ, ಸಾಸಿವೆ ನಿಂತಿತು. ಅದೇ ಏರನ್ನು ಮತ್ತೆ ಹತ್ತಿದೆ. ಕಾಲು ಒತ್ತುವುದಕ್ಕೂ ಸೀಟು ಬೆನ್ನನ್ನು ತಳ್ಳುವುದಕ್ಕೂ ನಡುವೆ ಇದ್ದ ಆ ಹಳೆಯ ಆಲಸ್ಯ ಹೋಗಿತ್ತು.

ಲೆಕ್ಕ ಹಾಕಿದರೆ ಎಂಟೂವರೆಯಿಂದ ಹತ್ತಕ್ಕೆ ಏರಿದ್ದರಿಂದ ಎಂಜಿನ್ನಿನ ದಕ್ಷತೆ ಹೆಚ್ಚುವುದು ಶೇಕಡಾ 5ರ ಆಸುಪಾಸು. ಉಳಿದ ಕಸುವು ಹೊಸ ಹೆಡ್ಡಿನ ಉಸಿರಾಟದ್ದು. ಆದರೆ ಆ 5 ಪುಕ್ಕಟೆಯಾಗಿ ಬಂದದ್ದು, ಅದೇ ಪೆಟ್ರೋಲಿನ ಹನಿಯಿಂದ ಹಿಂಡಿ ತೆಗೆದದ್ದು, ಗಾಡಿಯ ಪ್ರತಿ ಸುತ್ತಿನಲ್ಲೂ ಇರುವಂಥದ್ದು. ಬಂಕಿನಲ್ಲಿ ಮಾತ್ರ ಇನ್ನು ಮುಂದೆ 93 ಆಕ್ಟೇನಿನದೇ ಆಗಬೇಕು, ಗ್ಯಾಲನ್ನಿಗೆ ಬೆಲೆ ಜಾಸ್ತಿ.

ಬ್ಯುರೆಟ್ಟನ್ನು ತೊಳೆದು ಗ್ಯಾರೇಜಿನ ಗೋಡೆಗೆ ತೂಗುಹಾಕಿದ್ದೇನೆ. ಡೆಟ್ರಾಯಿಟ್ ಸುತ್ತಮುತ್ತಲಿನ ಕನ್ನಡಿಗರಲ್ಲಿ ಯಾರಾದರೂ ಹಳೆಯ ಎಂಜಿನ್ನಿನ ಹೆಡ್ ಬಿಚ್ಚಿಟ್ಟುಕೊಂಡಿದ್ದರೆ ಒಂದು ಮಾತು ಹೇಳಿ ಕಳಿಸಿ. ನೀಲಿ ನೀರು, ಬಿಲ್ಲೆ, ಗ್ರೀಸ್ ಎಲ್ಲ ನಾನೇ ತರುತ್ತೇನೆ.