ಮೋಶೆ ಎಂಬ ಹೆಸರಿನ ತವರು

ಬೈಬಲ್ಲಿನ ವಿಮೋಚನಕಾಂಡದ ಎರಡನೆಯ ಅಧ್ಯಾಯದಲ್ಲಿ ಫರೋಹನ ಮಗಳು, ನದಿಯ ಜೊಂಡಿನ ನಡುವೆ ಸಿಕ್ಕ ಕೂಸನ್ನು ಮಗನೆಂದು ಸ್ವೀಕರಿಸಿ ಮೋಶೆ ಎಂದು ಹೆಸರಿಡುತ್ತಾಳೆ. ನೀರಿನಿಂದ ಎಳೆದು ತೆಗೆದದ್ದಕ್ಕೆ ಆ ಹೆಸರಂತೆ. ಹೀಬ್ರೂವಿನಲ್ಲಿ 'ಮಾಶಾ' ಎಂದರೆ ಎಳೆದು ತೆಗೆ. ಕತೆ ಸೊಗಸಾಗಿದೆ, ವ್ಯಾಕರಣ ಮಾತ್ರ ಒಪ್ಪುವುದಿಲ್ಲ. ಮೋಶೆ ಕರ್ತರಿ ರೂಪ: ಎಳೆದು ತೆಗೆಯುವವನು. ನೀರಿಂದ ತೆಗೆಸಿಕೊಂಡ ಕೂಸು 'ಮಾಶೂಯ್' ಆಗಬೇಕಿತ್ತು. ಅದಿರಲಿ, ಹೀಬ್ರೂ ಗಂಡುಕೂಸುಗಳನ್ನು ನದಿಗೆಸೆಯಿರೆಂದು ಅಪ್ಪಣೆ ಕೊಟ್ಟವನ ಮಗಳು ಹೆಸರಿಗಾಗಿ ಹೀಬ್ರೂವಿನ ಬಾಗಿಲಿಗೆ ಹೋದಳೇ?

ಅವಳ ಅರಮನೆಯ ಭಾಷೆಯಲ್ಲೇ ಹೆಸರು ಸಿದ್ಧವಾಗಿತ್ತು. ಥುಟ್‌ಮೋಸ್, ಆಹ್ಮೋಸ್, ರಾಮ್ಸೆಸ್ ಎಂಬ ಫರೋಹರ ಹೆಸರುಗಳಲ್ಲಿ ದೇವರ ಹೆಸರನ್ನು ಕಳೆದರೆ ಉಳಿಯುವುದು ಹುಟ್ಟು ಎಂಬರ್ಥದ ಈಜಿಪ್ಟಿನ ಧಾತು. ಪಂಕಜ, ಅಗ್ರಜಗಳಲ್ಲಿ 'ಜ' ಮಾಡುವ ಕೆಲಸ ಅದರದು. ಬರಿಯ 'ಜ' ಒಬ್ಬನ ಹೆಸರಾದೀತೇ? ಈಜಿಪ್ಟಿನಲ್ಲಿ ಆಗುತ್ತಿತ್ತು. 2ನೇ ರಾಮ್ಸೆಸನ ಕಾಲದಲ್ಲಿ ಜಮೀನಿನ ವ್ಯಾಜ್ಯ ನಡೆಸಿದ ಮೋಸ್ ಎಂಬಾತನ ಸಮಾಧಿ ಸಕ್ಕಾರಾದಲ್ಲಿ ಸಿಕ್ಕಿದೆ. ಮೊಕದ್ದಮೆಯ ವಿವರ ಗೋಡೆಯ ಮೇಲೇ ಇದೆ. (ಕೋರ್ಟಿನ ಕಾಗದವನ್ನು ಗೋರಿಗೂ ಬಿಡದೆ ಒಯ್ದ ಪುಣ್ಯಾತ್ಮ!) ಮೋಶೆಯ ಅಣ್ಣ ಆರೋನನ ಮೊಮ್ಮಗ ಫೀನೆಹಾಸನ ಹೆಸರೂ ಈಜಿಪ್ಟಿನದೇ, ನೂಬಿಯದವನು ಎಂದರ್ಥ.

ಗಟ್ಟಿಯಾದ ಆಕ್ಷೇಪ ಒಂದಿದೆ. ಈಜಿಪ್ಟಿನ ಮೂಲದಲ್ಲಿರುವುದು 'ಸ'. ರಾಮ್ಸೆಸ್ ಎಂಬುದನ್ನು ಹೀಬ್ರೂ ಬೈಬಲು ಸಕಾರದಲ್ಲೇ ಬರೆಯುತ್ತದೆ. ಮೋಶೆಯಲ್ಲಿ ಮಾತ್ರ 'ಶ' ಎಲ್ಲಿಂದ ಬಂತು? ಇದನ್ನು ತಳ್ಳಿಹಾಕಲಾಗದು. ಆದರೆ ಉತ್ತರ ಆ ಕತೆಯಲ್ಲೇ ಇರಬಹುದೆಂದು ನನಗೆ ತೋರುತ್ತದೆ. ಪರಭಾಷೆಯ ಹೆಸರಿನಲ್ಲಿ ಜನ ತಮ್ಮ 'ಮಾಶಾ'ವನ್ನು ಕೇಳಿಸಿಕೊಂಡ ಮೇಲೆ ನಾಲಿಗೆಯೂ ಅತ್ತಲೇ ಹೊರಳುತ್ತದೆ. ರಾಮ್ಸೆಸ್‌ಗೆ ಅಂಥ ಕತೆ ಅಂಟಲಿಲ್ಲ, ಸಕಾರ ಉಳಿಯಿತು. ಅಲ್ಲದೆ ಸಮುದ್ರ ದಾಟಿಸಿ ಜನರನ್ನು ಹೊರತಂದವನಿಗೆ 'ಎಳೆದು ತೆಗೆಯುವವನು' ಎಂಬ ಕರ್ತರಿ ರೂಪ ಎಷ್ಟು ಚೆನ್ನಾಗಿ ಹೊಂದುತ್ತದೆ! ಹಾಗಾಗಿ ಕತೆಯನ್ನು ಸುಳ್ಳೆನ್ನಲಾರೆ. ಅದು ಹೆಸರಿನ ಹುಟ್ಟನ್ನಲ್ಲ, ಅದನ್ನು ಹೀಬ್ರೂ ಜನ ತಮ್ಮದಾಗಿಸಿಕೊಂಡ ಬಗೆಯನ್ನು ಹೇಳುತ್ತದೆ.

ಹಾಗಾದರೆ ಮೋಶೆಯೇ ಈಜಿಪ್ಟಿನವನೋ? ಫ್ರಾಯ್ಡ್ 1939ರ ತನ್ನ ಪುಸ್ತಕದಲ್ಲಿ ಹಾಗೆಂದ. ಅದು ದುಡುಕು. ಎಸ್ತೇರಳ ಪುಸ್ತಕದ ಯೆಹೂದಿ ಮೊರ್ದೆಕೈಯ ಹೆಸರಲ್ಲಿ ಬಾಬಿಲೋನಿನ ಮಾರ್ದುಕ ದೇವರಿದ್ದಾನೆ. ಸಂಸ್ಕೃತದ ಹೆಸರಿತ್ತೆಂದು ಇಂಡೋನೇಷ್ಯಾದ ಸುಕರ್ಣೋ ಭಾರತೀಯನಾಗಲಿಲ್ಲ. ಹೆಸರು ಅದನ್ನಿಟ್ಟವರ ಭಾಷೆಗೆ ಸಾಕ್ಷಿಯೇ ಹೊರತು ಹೊತ್ತವನ ರಕ್ತಕ್ಕಲ್ಲ. ಕನ್ನಡ ಬೈಬಲು ಹೀಬ್ರೂವಿನ 'ಶ'ವನ್ನೇ ಉಳಿಸಿಕೊಂಡು ಮೋಶೆ ಎಂದು ಬರೆಯುತ್ತದೆ. ಕನ್ನಡ ನಾಡಿನ ಮುಸ್ಲಿಮರು ಅರಬ್ಬಿಯಂತೆ ಮೂಸಾ ಎನ್ನುತ್ತಾರೆ.